ಕಲಬುರಗಿಯಿಂದ ಐವತ್ತೈದು ನಿಮಿಷ

ನಾನು ಸುಮೈರಾ, ತಂದೆ ದಿವಂಗತ ಗಯಾಸ್, ವಯಸ್ಸು 31 ವರ್ಷ, ನರ್ಸ್ ಕೆಲಸ, ವಾಸ ಎರಡನೇ ಮಹಡಿ, ಮಸೀದಿ ಹಿಂಭಾಗದ ಅಡ್ಡರಸ್ತೆ, ಆರ್.ಟಿ. ನಗರ, ಬೆಂಗಳೂರು. ಇಂದು ದಿನಾಂಕ 14-07-2025ರ ಸೋಮವಾರ ಬೆಳಿಗ್ಗೆ 10.40 ಗಂಟೆಗೆ ಯಾರ ಒತ್ತಾಯವೂ ಇಲ್ಲದೆ ಯಲಹಂಕ ಪೊಲೀಸ್ ಠಾಣೆಗೆ ಬಂದು, ಈ ಮೂಲಕ ಬರೆಸಿ ತಿಳಿಸುವುದೇನೆಂದರೆ,

ನಾನು ನನ್ನ ತಾಯಿ ಜಾಹಿದಾ ಅವರೊಂದಿಗೆ ಮೇಲಿನ ವಿಳಾಸದಲ್ಲಿ ವಾಸವಾಗಿದ್ದೇನೆ. ನರ್ಸಿಂಗ್ ಓದಿ, ಆರು ವರ್ಷ ಆಸ್ಪತ್ರೆಯೊಂದರ ಐಸಿಯುನಲ್ಲಿ ಕೆಲಸ ಮಾಡಿ, ಈಗ ಹದಿನಾಲ್ಕು ತಿಂಗಳಿಂದ ಯಲಹಂಕ ನ್ಯೂ ಟೌನ್‌ನಲ್ಲಿ ಕಚೇರಿ ಇರುವ ಬಿಳಿರೆಕ್ಕೆ ಏರ್ ಆಂಬುಲೆನ್ಸ್ ಎಂಬ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ಸಂಸ್ಥೆಗೆ ಸ್ವಂತ ವಿಮಾನ ಇಲ್ಲ. ರೋಗಿ ಬಂದಾಗ ಬೇರೆಯವರಿಂದ ಬಾಡಿಗೆಗೆ ಪಡೆಯುತ್ತಾರೆ. ನಾನು ಇದುವರೆಗೆ ಇಪ್ಪತ್ತೆರಡು ಬಾರಿ ರೋಗಿಗಳ ಜೊತೆ ಹಾರಿದ್ದೇನೆ. ಹೊರಡುವ ಮುನ್ನ ಒಂದು ಫಾರಂ ತುಂಬಬೇಕು. ಅದರಲ್ಲಿ ದೂರ, ಹಾರಾಟದ ಸಮಯ, ರೋಗಿಗೆ ನಿಮಿಷಕ್ಕೆ ಎಷ್ಟು ಲೀಟರ್ ಆಮ್ಲಜನಕ ಬೇಕು, ಎಷ್ಟು ಸಿಲಿಂಡರ್ ಒಯ್ಯುತ್ತಿದ್ದೇವೆ ಎಂಬುದನ್ನು ಬರೆದು ನರ್ಸ್ ಸಹಿ ಮಾಡಬೇಕು. ಬೇಕಾದಷ್ಟರ ಎರಡು ಪಟ್ಟು ಆಮ್ಲಜನಕ ಇರಬೇಕೆಂಬುದು ನಮಗೆ ಕಲಿಸಿದ ನಿಯಮ.

ದಿನಾಂಕ 08-07-2025ರ ಮಂಗಳವಾರ ಬೆಳಿಗ್ಗೆ 6.40ಕ್ಕೆ ನಮ್ಮ ಸಂಸ್ಥೆಯ ಮ್ಯಾನೇಜರ್ ಅನಂತರಾಜು ಅವರು ನನಗೆ ಫೋನ್ ಮಾಡಿದರು. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಸಂಗವ್ವ ಎಂಬ 34 ವರ್ಷದ ಮಹಿಳೆ ಇದ್ದಾರೆ, ಎರಡೂ ಶ್ವಾಸಕೋಶಗಳಿಗೆ ನ್ಯುಮೋನಿಯಾ ಆಗಿದೆ, ಎಚ್ಚರವಾಗಿದ್ದಾರೆ, ಮಾಸ್ಕ್ ಮೂಲಕ ಆಮ್ಲಜನಕ ಹೋಗುತ್ತಿದೆ, ಹೆಬ್ಬಾಳದ ಆಸ್ಪತ್ರೆಗೆ ತರಬೇಕು ಎಂದು ತಿಳಿಸಿದರು. ಎರಡು ವಿಮಾನ ನಿಲ್ದಾಣಗಳ ನಡುವೆ 465 ಕಿಲೋಮೀಟರ್, ಜೆಟ್‌ನಲ್ಲಿ 55 ನಿಮಿಷ, ಡಾಕ್ಟರ್ ಜೊತೆಗೆ ಬರುತ್ತಾರೆ, ರೋಗಿಯ ಗಂಡನೂ ಬರುತ್ತಾರೆ ಎಂದರು.

ನಾನು 7.35ಕ್ಕೆ ಕಚೇರಿ ತಲುಪಿ ಔಷಧಿ ಚೀಲ, ಮಾನಿಟರ್ ಮತ್ತು ಮೂರು ಸಣ್ಣ ಸಿಲಿಂಡರ್‌ಗಳನ್ನು ತೆಗೆದುಕೊಂಡೆನು. ಮೂರೂ ತುಂಬಿದ್ದವು. ಈ ರೋಗಿಗೆ ಕೊಡಬೇಕಾದ ಪ್ರಮಾಣದಲ್ಲಿ ಒಂದು ಸಿಲಿಂಡರ್ 40 ನಿಮಿಷ ಬರುತ್ತದೆ. ಉಳಿದ ಸಿಲಿಂಡರ್‌ಗಳು ಎಲ್ಲಿ ಎಂದು ಕೇಳಿದ್ದಕ್ಕೆ, ತುಂಬಿಸಲು ಹೋಗಿವೆ, 55 ನಿಮಿಷಕ್ಕೆ ಮೂರು ಸಾಕು ಎಂದು ಅನಂತರಾಜು ಅವರು ಹೇಳಿದರು. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ 8.50ಕ್ಕೆ ತಲುಪಿದಾಗ ಅಲ್ಲಿ ಜೆಟ್ ಇರಲಿಲ್ಲ. ಎರಡು ಫ್ಯಾನ್ ಇರುವ ಹಳೆಯ ಸಣ್ಣ ವಿಮಾನ ನಿಂತಿತ್ತು. ಪೈಲಟ್ ಉಮೇಶ್ ಅವರನ್ನು ಕೇಳಿದಾಗ, ಜೆಟ್ ರಿಪೇರಿಯಲ್ಲಿದೆ, ಈ ವಿಷಯ ನಿನ್ನೆ ಸಂಜೆಯೇ ನಿಮ್ಮ ಕಚೇರಿಗೆ ಗೊತ್ತು ಎಂದರು. ವಿಮಾನ ಚಿಕ್ಕದಾದ್ದರಿಂದ ಸ್ಟ್ರೆಚರ್ ಹಾಕಿದ ಮೇಲೆ ಹಿಂದೆ ಒಬ್ಬರಿಗೆ ಮಾತ್ರ ಜಾಗ ಇತ್ತು. ಡಾಕ್ಟರ್ ಬರಲಿಲ್ಲ.

ನಾವು 9.32ಕ್ಕೆ ಹೊರಟು 10.58ಕ್ಕೆ ಕಲಬುರಗಿಯಲ್ಲಿ ಇಳಿದೆವು. ನನ್ನ ಕೈಗಡಿಯಾರ ನೋಡಿ ಹೇಳುತ್ತಿದ್ದೇನೆ. ಒಂದು ಗಂಟೆ 26 ನಿಮಿಷ ಆಗಿತ್ತು. ವಾಪಸ್ ಹೋಗಲು ಎಷ್ಟಾಗುತ್ತದೆ ಎಂದು ಉಮೇಶ್ ಅವರನ್ನು ಕೇಳಿದೆನು. ಅಷ್ಟೇ ಆಗುತ್ತದೆ, ಆಷಾಢದಲ್ಲಿ ಗಾಳಿ ಪಶ್ಚಿಮದಿಂದ ಅಡ್ಡ ಬೀಸುತ್ತದೆ, ಹಿಂದಿನಿಂದ ನೂಕುವುದಿಲ್ಲ, ಮೋಡ ಇದ್ದರೆ ಇನ್ನೂ ಸ್ವಲ್ಪ ಹೆಚ್ಚಾಗಬಹುದು ಎಂದು ಅವರು ಹೇಳಿದರು.

ಕಲಬುರಗಿ ಪೇಟೆಯಿಂದ ವಿಮಾನ ನಿಲ್ದಾಣ ಸುಮಾರು 14 ಕಿಲೋಮೀಟರ್ ದೂರದಲ್ಲಿದೆ. ಆಸ್ಪತ್ರೆಯ ಆಂಬುಲೆನ್ಸ್ 11.20ಕ್ಕೆ ಬಂದಿತು. ಅದರಲ್ಲಿ ಸಂಗವ್ವ ಮತ್ತು ಅವರ ಗಂಡ ಮುರಿಗೆಪ್ಪ ಇದ್ದರು. ಮುರಿಗೆಪ್ಪ ಅವರು ಕಲಬುರಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಸಂಗವ್ವ ಅವರು ಸರ್ಕಾರಿ ಬಸ್ ಕಂಡಕ್ಟರ್, ಒಂಬತ್ತು ವರ್ಷ ಸರ್ವಿಸ್ ಆಗಿತ್ತು. ಆಂಬುಲೆನ್ಸ್ ಬಾಗಿಲು ತೆಗೆದಾಗ ಅವರು ಎಚ್ಚರವಾಗಿದ್ದು, ನನಗೆ ಕೈ ಎತ್ತಿ ನಮಸ್ಕಾರ ಮಾಡಿದರು. ರಕ್ತದಲ್ಲಿ ಆಮ್ಲಜನಕದ ಮಟ್ಟ ಶೇಕಡಾ 92 ಇತ್ತು.

ಮುರಿಗೆಪ್ಪ ಅವರಿಗೆ ವಿಮಾನದಲ್ಲಿ ಜಾಗ ಇಲ್ಲವೆಂದು ನಾನೇ ಹೇಳಬೇಕಾಯಿತು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಒಂದು ಬಟ್ಟೆಯ ಚೀಲ ಹಿಡಿದು ತಯಾರಾಗಿ ಬಂದಿದ್ದರು. ಅವರು ಜಗಳ ಮಾಡಲಿಲ್ಲ. ತಮ್ಮ ಮೊಬೈಲ್ ತೋರಿಸಿ, ಕಲಬುರಗಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ರಾತ್ರಿಯೇ ನೋಡಿಕೊಂಡಿದ್ದೇನೆ, ಅದರಲ್ಲೂ ಒಂದು ತಾಸಿನ ಒಳಗೆ ಎಂದೇ ಇದೆ, ನಿಮ್ಮ ಕಚೇರಿಯವರೂ 55 ನಿಮಿಷ ಎಂದರು, ಹೌದಲ್ಲವೇ ಎಂದು ಕೇಳಿದರು. ನಾನು ಹೌದು ಎಂದೆನು. ಒಂದು ಗಂಟೆ 26 ನಿಮಿಷ ಹಾರಿ ಬಂದು ಇಳಿದು ಆಗ ಅರ್ಧ ಗಂಟೆಯೂ ಆಗಿರಲಿಲ್ಲ.

ಆಂಬುಲೆನ್ಸ್‌ನ ಡ್ರೈವರ್ ನನ್ನ ಮೂರು ಸಿಲಿಂಡರ್‌ಗಳನ್ನು ನೋಡಿ, ಇಷ್ಟೇನಾ ಎಂದು ಕೇಳಿ, ತನ್ನ ಗಾಡಿಯಲ್ಲಿದ್ದ ತುಂಬಿದ ಸಿಲಿಂಡರ್ ಒಂದನ್ನು ಇಳಿಸಿ ವಿಮಾನದ ಮೆಟ್ಟಿಲ ಬಳಿ ತಂದಿಟ್ಟರು. ಅದು ನಮ್ಮದಕ್ಕಿಂತ ದೊಡ್ಡದು. ನಮ್ಮ ಪೈಪಿಗೆ ಕೂಡುತ್ತಿತ್ತು. ನಾನು ಕೂಡಿಸಿ ನೋಡಿದೆನು. ಉಮೇಶ್ ಅವರು, ಔಷಧಿ ಚೀಲದ ಅರ್ಧ ಭಾರ ಇಳಿಸಿದರೆ ತೂಕದ ತೊಂದರೆ ಇಲ್ಲ, ಆದರೆ ಹೊರಗಿನ ಸಿಲಿಂಡರ್ ಆದ್ದರಿಂದ ನೀವು ಬರೆದು ಸಹಿ ಮಾಡಬೇಕು ಎಂದರು.

ನಾನು 11.28ಕ್ಕೆ ಅನಂತರಾಜು ಅವರಿಗೆ ಫೋನ್ ಮಾಡಿ, ಬರುವಾಗ ಒಂದು ಗಂಟೆ 26 ನಿಮಿಷ ಆಯಿತು, ನಾಲ್ಕನೇ ಸಿಲಿಂಡರ್ ತೆಗೆದುಕೊಳ್ಳುತ್ತೇನೆ ಎಂದು ತಿಳಿಸಿದೆನು. ಅವರು ಬೇಡ ಎಂದರು. ನಮ್ಮ ಸ್ಟಿಕ್ಕರ್ ಇಲ್ಲದ ಸಿಲಿಂಡರ್ ಹತ್ತಿಸಿದರೆ ನಾಳೆ ಲೈಸೆನ್ಸ್ ಹೋಗುತ್ತದೆ, ವಾಪಸ್ ಬರುವಾಗ ಗಾಳಿ ಹಿಂದಿನಿಂದ ಬರುತ್ತದೆ, ಬೇಗ ಬರುತ್ತೀರಿ ಎಂದರು. ಪೈಲಟ್ ಹಾಗೆ ಹೇಳುತ್ತಿಲ್ಲ ಎಂದಿದ್ದಕ್ಕೆ ಅವರು ಹೇಳಿದ ಮಾತು ಹೀಗಿದೆ: "ಪೈಲಟ್ ಕೆಲ್ಸ ಪೈಲಟ್ ಮಾಡ್ಲಿ, ನಿಮ್ ಕೆಲ್ಸ ನೀವು ಮಾಡಿ. ಪೇಷೆಂಟ್ ಕಡೆಯವ್ರಿಗೆ ಫಿಫ್ಟಿ ಫೈವ್ ಅಂತ ಹೇಳಿದೀವಿ, ಫಾರಂನಲ್ಲೂ ಅದೇ ಬರೀರಿ. ಈಗಾಗ್ಲೇ ಎರಡ್ ನೋಟಿಸ್ ಇದೆ ನಿಮ್ ಮೇಲೆ, ಮರೀಬೇಡಿ."

ನನ್ನ ಮೇಲೆ ಎರಡು ನೋಟಿಸ್ ಇದ್ದುದು ನಿಜ. ಒಂದು, ಬ್ಯಾಟರಿಯಲ್ಲಿ ಚಾರ್ಜ್ ನಿಲ್ಲದ ಯಂತ್ರ ತೆಗೆದುಕೊಂಡು ಹೋಗುವುದಿಲ್ಲ ಎಂದು ಫೆಬ್ರವರಿಯಲ್ಲಿ ಹಠ ಮಾಡಿ ಎರಡು ಗಂಟೆ ತಡವಾದದ್ದಕ್ಕೆ. ಇನ್ನೊಂದು, ಅದರ ಬಗ್ಗೆ ಈಮೇಲ್ ಬರೆದದ್ದಕ್ಕೆ. ಮೂರನೆಯದು ಬಂದರೆ ಕೆಲಸದಿಂದ ತೆಗೆಯುತ್ತೇವೆಂದು ಬರೆದಿದ್ದರು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆನು. 11.35ಕ್ಕೆ ಮೊದಲನೆಯದನ್ನು ತೆರೆದರೆ, ಮೂರು ಸಿಲಿಂಡರ್ ಸೇರಿ 120 ನಿಮಿಷ, ಅಂದರೆ 1.35ರ ತನಕ. 11.50ಕ್ಕೆ ಹೊರಟರೆ 1.16ಕ್ಕೆ ಇಳಿಯುತ್ತೇವೆ. 19 ನಿಮಿಷ ಉಳಿಯುತ್ತದೆ. ನಿಯಮದ ಪ್ರಕಾರ ಇದು ಸಾಲದು ಎಂಬುದು ನನಗೆ ಗೊತ್ತಿತ್ತು. ಈ ಲೆಕ್ಕವನ್ನು ನಾನು ಯಾರಿಗೂ ಹೇಳಲಿಲ್ಲ. ಫಾರಂನಲ್ಲಿ ಹಾರಾಟದ ಸಮಯ 55 ನಿಮಿಷ, ಸಿಲಿಂಡರ್ ಮೂರು, ಸಾಕಷ್ಟಿದೆ ಎಂದು ಬರೆದು ಸಹಿ ಮಾಡಿದೆನು. ಡ್ರೈವರ್‌ಗೆ ಸಿಲಿಂಡರ್ ಬೇಡ ಎಂದು ಕೈಸನ್ನೆ ಮಾಡಿದೆನು. ಅವರು ತಕ್ಷಣ ಎತ್ತಿಕೊಳ್ಳಲಿಲ್ಲ. ಬಾಗಿಲು ಹಾಕುವ ತನಕ ಅದು ಮೆಟ್ಟಿಲ ಪಕ್ಕದಲ್ಲೇ ಇತ್ತು.

ಸಂಗವ್ವ ಅವರನ್ನು 11.35ಕ್ಕೆ ನಮ್ಮ ಸ್ಟ್ರೆಚರ್‌ಗೆ ಬದಲಿಸಿ ಮೊದಲ ಸಿಲಿಂಡರ್ ತೆರೆದೆನು. ಮುರಿಗೆಪ್ಪ ಅವರು ಹೆಂಡತಿಯ ಹಣೆಯ ವಿಭೂತಿ ಅಳಿಸಿದ್ದನ್ನು ನೋಡಿ, ತಮ್ಮ ಹಣೆಯಿಂದ ಬೆರಳಿಗೆ ತೆಗೆದುಕೊಂಡು ಅವರಿಗೆ ಹಚ್ಚಿದರು. ತಮ್ಮನ ಕಾರಿನಲ್ಲಿ ರಸ್ತೆಯ ಮೇಲೆ ಬರುತ್ತೇನೆ, ನಾನು ಬರುವಷ್ಟರಲ್ಲಿ ನೀನು ಎದ್ದು ಕೂತಿರಬೇಕು ಎಂದು ಅವರಿಗೆ ಹೇಳಿ ಕೆಳಗಿಳಿದರು.

ಪ್ರಯಾಣಿಕರ ವಿಮಾನವೊಂದು ಇಳಿಯುವುದಿತ್ತು. ಅದಕ್ಕಾಗಿ ನಾವು ಕಾದು, 12.04ಕ್ಕೆ ಮೇಲೇರಿದೆವು. ಅಷ್ಟರಲ್ಲಿ 29 ನಿಮಿಷ ಖರ್ಚಾಗಿತ್ತು. ನಾನು ಇಟ್ಟುಕೊಂಡಿದ್ದ 19 ನಿಮಿಷದಲ್ಲಿ 14 ಹೋಗಿ 5 ಉಳಿಯಿತು.

ಮೊದಲ ಸಿಲಿಂಡರ್ 12.15ಕ್ಕೆ ಮುಗಿಯಿತು. ಎರಡನೆಯದನ್ನು ಹಾಕಿದೆನು. ಸಂಗವ್ವ ಅವರು ಮೊದಲ ಬಾರಿ ವಿಮಾನ ಹತ್ತಿದ್ದರು. ಮಾಸ್ಕ್ ಇದ್ದುದರಿಂದ ಹೆಚ್ಚು ಮಾತನಾಡಬಾರದೆಂದು ನಾನು ಹೇಳಿದ್ದರೂ ಆಗಾಗ ಮಾಸ್ಕ್‌ನ ಅಂಚು ಎತ್ತಿ ಒಂದೊಂದು ಮಾತು ಆಡುತ್ತಿದ್ದರು. ಆಕಾಶದಲ್ಲಿ ಎಷ್ಟು ಕಿಲೋಮೀಟರ್ ಎಂದು ಕೇಳಿದರು. 465 ಎಂದೆನು. ರಸ್ತೆಯಲ್ಲಿ ಆರು ನೂರರ ಮೇಲೆ ಆಗುತ್ತದೆ, ನಮ್ಮ ಬಸ್ಸಿಗೆ ಹನ್ನೆರಡು ತಾಸು, ನಡುವೆ ಎರಡು ಕಡೆ ಊಟಕ್ಕೆ ನಿಲ್ಲಿಸುತ್ತೇವೆ ಎಂದರು. ತಮಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಐದನೇ ಕ್ಲಾಸು, ಇಬ್ಬರನ್ನೂ ನಾದಿನಿ ಮನೆಯಲ್ಲಿ ಬಿಟ್ಟಿದ್ದೇವೆ ಎಂದೂ ಹೇಳಿದರು. ನಾನು ಅವರ ಮಾಸ್ಕ್ ಸರಿಪಡಿಸಿ ಸುಮ್ಮನಿರುವಂತೆ ಕೇಳಿಕೊಂಡೆನು.

ಮೂರನೇ ಸಿಲಿಂಡರ್ ಅನ್ನು 12.55ಕ್ಕೆ ಹಾಕಿದೆನು. ಮಧ್ಯಾಹ್ನ 1.05ಕ್ಕೆ ಆಮ್ಲಜನಕದ ಮಟ್ಟ 88ಕ್ಕೆ ಇಳಿದಿದ್ದರಿಂದ ಹರಿವನ್ನು ಸ್ವಲ್ಪ ಹೆಚ್ಚಿಸಬೇಕಾಯಿತು. 1.12ರ ಸುಮಾರಿಗೆ ಉಮೇಶ್ ಅವರು ಹಿಂದೆ ತಿರುಗಿ, ಎದುರಿಗೆ ಮಳೆ ಮೋಡ ಇದೆ, ಪೂರ್ವಕ್ಕೆ ಸುತ್ತಿ ಹೋಗಬೇಕು, ಎಂಟು ನಿಮಿಷ ಹೆಚ್ಚಾಗುತ್ತದೆ ಎಂದು ತಿಳಿಸಿದರು. ನಮ್ಮಲ್ಲಿ ಆಮ್ಲಜನಕ ಕಡಿಮೆ ಇದೆ ಎಂದು ನಾನು ಹೇಳಿದೆನು. ಎಷ್ಟು ಕಡಿಮೆ ಎಂದು ಕೇಳಿದರು. ಇನ್ನು ಇಪ್ಪತ್ತು ನಿಮಿಷಕ್ಕೆ ಆಗುವಷ್ಟೇ ಇದೆ ಎಂದೆನು. ಅವರು ಮುಂದೆ ತಿರುಗಿ, ತುರ್ತಾಗಿ ಇಳಿಯಬೇಕೆಂದು ರೇಡಿಯೋದಲ್ಲಿ ಕೇಳಿದರು. ನಮಗೆ ಮೊದಲು ಇಳಿಯಲು ಅನುಮತಿಯೂ ಸಿಕ್ಕಿತು. ಆದರೆ ವಿಮಾನ ನಿಲ್ದಾಣದ ಮೇಲೆಯೇ ಜೋರು ಮಳೆ ಬರುತ್ತಿದ್ದು ರನ್‌ವೇ ಕಾಣುತ್ತಿರಲಿಲ್ಲ. ಅದು ಕಾಣುವ ತನಕ ಸುತ್ತಬೇಕಾಯಿತು. ಹೀಗೆ 14 ನಿಮಿಷ ಸುತ್ತಿದೆವು. ಇದರಲ್ಲಿ ಪೈಲಟ್ ಅವರ ತಪ್ಪು ಇಲ್ಲ.

ಮೂರನೇ ಸಿಲಿಂಡರ್ ಮಧ್ಯಾಹ್ನ 1.31ಕ್ಕೆ ಮುಗಿಯಿತು. ಸುಂಯ್ ಎನ್ನುವ ಸದ್ದು ನಿಂತಿತು. ಸಂಗವ್ವ ಅವರು ಸಿಲಿಂಡರ್ ಕಡೆ ನೋಡಿದರು, ನಂತರ ನನ್ನ ಕಡೆ ನೋಡಿದರು. ನಾನು ಆಂಬು ಬ್ಯಾಗ್ ಎಂಬ, ಕೈಯಿಂದ ಒತ್ತಿ ಗಾಳಿ ಕೊಡುವ ಚೀಲವನ್ನು ತೆಗೆದು ಅವರ ಮುಖಕ್ಕೆ ಹಿಡಿದು ಒತ್ತಲು ಶುರು ಮಾಡಿದೆನು. ಅದರಲ್ಲಿ ಹೋಗುವುದು ಬರೀ ಗಾಳಿ. ಅವರ ಶ್ವಾಸಕೋಶಕ್ಕೆ ಅದು ಸಾಲುವುದಿಲ್ಲ. ಆಗ ಮಟ್ಟ 81 ಇತ್ತು. 1.36ಕ್ಕೆ 70 ಆಯಿತು. ಅವರು ನನ್ನ ಎಡಗೈ ಹಿಡಿದು, ಮಣಿಕಟ್ಟು ತಿರುಗಿಸಿ, ನನ್ನ ಗಡಿಯಾರ ನೋಡಿದರು. ನಂತರ ಚೀಲದ ಮಾಸ್ಕ್ ಅನ್ನು ಪಕ್ಕಕ್ಕೆ ಸರಿಸಿ ಕೇಳಿದರು:

"ಇನ್ನ ಎಷ್ಟ ಸ್ಟೇಜ್ ಅದಾವ್ರಿ, ಸಿಸ್ಟರ್?"

"ಮುಂದಿಂದೇ ನಮ್ದು ಅಕ್ಕ" ಎಂದು ನಾನು ಹೇಳಿದೆನು. ಕಿಟಕಿಯ ಹೊರಗೆ ಮೋಡ ಬಿಟ್ಟು ಏನೂ ಕಾಣುತ್ತಿರಲಿಲ್ಲ.

ಅವರು ಮತ್ತೆ ಮಾತನಾಡಲಿಲ್ಲ. 1.40ಕ್ಕೆ ಮಟ್ಟ 61, 1.44ಕ್ಕೆ 48 ಆಯಿತು. ಆಗ ಪ್ರಜ್ಞೆ ತಪ್ಪಿತು. ನನ್ನ ಕೈಯನ್ನು ಹಿಡಿದಿದ್ದ ಅವರ ಕೈ ಅಷ್ಟು ಹೊತ್ತೂ ಬಿಟ್ಟಿರಲಿಲ್ಲವಾದ್ದರಿಂದ ನಾನು ಒಂದೇ ಕೈಯಲ್ಲಿ ಚೀಲ ಒತ್ತುತ್ತಿದ್ದೆನು. 1.47ಕ್ಕೆ ಹೃದಯ ಬಡಿತ ನಿಂತಿತು. ಎದೆ ಒತ್ತಲು ನಿಲ್ಲುವಷ್ಟು ಎತ್ತರ ಆ ವಿಮಾನದಲ್ಲಿ ಇಲ್ಲ. ಸ್ಟ್ರೆಚರ್ ಮೇಲೆ ಮೊಣಕಾಲೂರಿ, ತಲೆ ಚಾವಣಿಗೆ ತಾಗಿಸಿಕೊಂಡು ಒತ್ತಿದೆನು. 1.52ಕ್ಕೆ ಇಳಿದೆವು. ಕಲಬುರಗಿಯಿಂದ ಒಟ್ಟು ಒಂದು ಗಂಟೆ 48 ನಿಮಿಷ ಆಗಿತ್ತು. 2.01ಕ್ಕೆ ಆಂಬುಲೆನ್ಸ್‌ಗೆ ಬದಲಿಸಿ, ಅದರಲ್ಲಿದ್ದ ಆಮ್ಲಜನಕ ಕೊಟ್ಟು, ದಾರಿಯುದ್ದಕ್ಕೂ ಎದೆ ಒತ್ತುತ್ತಲೇ ಬಂದೆನು. ಬಡಿತ ಬರಲಿಲ್ಲ. ಹೆಬ್ಬಾಳದ ಆಸ್ಪತ್ರೆಗೆ 2.37ಕ್ಕೆ ತಲುಪಿದೆವು. 2.41ಕ್ಕೆ ಅಲ್ಲಿನ ವೈದ್ಯರು ಮೃತಪಟ್ಟಿದ್ದಾರೆಂದು ಘೋಷಿಸಿದರು.

ಅನಂತರಾಜು ಅವರು 2.50ಕ್ಕೆ ನನಗೆ ಫೋನ್ ಮಾಡಿದರು. ವಿಮಾನದಲ್ಲಿ ಏನೂ ಆಗಿಲ್ಲ, ಇಳಿಯುವಾಗ ರೋಗಿ ಚೆನ್ನಾಗಿದ್ದರು, ಆಂಬುಲೆನ್ಸ್‌ನಲ್ಲಿ ಚಿಕ್ಕಜಾಲ ದಾಟುವಾಗ ಹಾರ್ಟ್ ಅಟ್ಯಾಕ್ ಆಯಿತು ಎಂದು ಮನೆಯವರಿಗೆ ಹೇಳಬೇಕು, ಇನ್ನೊಂದು ಮಾತು ಹೆಚ್ಚಿಗೆ ಹೇಳಬಾರದು ಎಂದರು. ನಾನು 3.10ಕ್ಕೆ ಮುರಿಗೆಪ್ಪ ಅವರಿಗೆ ಫೋನ್ ಮಾಡಿದೆನು. ಅವರು ಕಾರಿನಲ್ಲಿ ಲಿಂಗಸುಗೂರು ದಾಟಿದ್ದರು. ಅನಂತರಾಜು ಅವರು ಹೇಳಿಕೊಟ್ಟಂತೆಯೇ ನಾನು ಹೇಳಿದೆನು. ಚಿಕ್ಕಜಾಲ ಎಂಬ ಊರಿನ ಹೆಸರನ್ನೂ ಹೇಳಿದೆನು. ಅವರು ಆ ಹೆಸರನ್ನು ಎರಡು ಸಲ ಕೇಳಿ ತಿಳಿದುಕೊಂಡರು. ನಂತರ ಅವರು, ನೀವು ಜೊತೆಗಿದ್ದಿರಲ್ಲ, ಅಷ್ಟೇ ಸಾಕು ಎಂದು ಹೇಳಿ ಫೋನ್ ಇಟ್ಟರು. ಅವರು ಆಸ್ಪತ್ರೆಗೆ ಬಂದು ಶವ ಪಡೆದು ಊರಿಗೆ ಒಯ್ದಾಗ ನಾನು ಅಲ್ಲಿರಲಿಲ್ಲ. ಮನೆಗೆ ಹೋಗಿದ್ದೆನು. ಊರಿನ ಹೊಲದಲ್ಲಿ ಮಣ್ಣು ಮಾಡಿದ್ದಾರೆಂದು ನಂತರ ತಿಳಿಯಿತು.

ದಿನಾಂಕ 09-07-2025ರಂದು ಬೆಳಿಗ್ಗೆ 11 ಗಂಟೆಗೆ ಕಚೇರಿಗೆ ಕರೆಸಿದರು. ಅನಂತರಾಜು ಅವರು ಹೊಸ ಫಾರಂ ಒಂದನ್ನು ತುಂಬಿ ಇಟ್ಟಿದ್ದರು. ಅದರಲ್ಲಿ ಹಾರಾಟದ ಸಮಯ ಒಂದು ಗಂಟೆ 50 ನಿಮಿಷ, ಸಿಲಿಂಡರ್ ಆರು, ಡಾಕ್ಟರ್ ಜೊತೆಗಿದ್ದರು, ಇಳಿಯುವಾಗ ಮಟ್ಟ 93 ಎಂದು ಇತ್ತು. ನನ್ನ ಸಹಿಯ ಜಾಗ ಮಾತ್ರ ಖಾಲಿ ಇತ್ತು. ಹಳೆಯದು ಎಲ್ಲಿ ಎಂದು ಕೇಳಿದ್ದಕ್ಕೆ, ಹಳೆಯದು ಅಂತ ಯಾವುದೂ ಇಲ್ಲ ಎಂದರು. ನಾಳೆ ಸಹಿ ಮಾಡುತ್ತೇನೆಂದು ಹೇಳಿ, ಹೊಸ ಫಾರಂನ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಂಡು ಹೊರಬಂದೆನು. ಹಳೆಯ ಫಾರಂನ ಕಾರ್ಬನ್ ಪ್ರತಿ ನನ್ನ ಕೈಚೀಲದಲ್ಲಿತ್ತು. ಅದು ಅವರಿಗೆ ಗೊತ್ತಿರಲಿಲ್ಲ. ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಆ ಮರುದಿನವೂ ಹೋಗಲಿಲ್ಲ. ನನ್ನ ತಾಯಿ ಏನಾಯಿತೆಂದು ಕೇಳಿದಾಗ ಜ್ವರ ಎಂದೆನು. ಅವರು ಹಣೆ ಮುಟ್ಟಿ ನೋಡಿ ಒಳಗೆ ಹೋದರು. ಠಾಣೆಗೆ ಬರಬೇಕೆಂದು ಆ ಮೂರು ದಿನದಲ್ಲಿ ನಾನು ನಿರ್ಧರಿಸಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನಿರ್ಧರಿಸಿರಲಿಲ್ಲ.

ದಿನಾಂಕ 12-07-2025ರ ಶನಿವಾರ ಸಂಜೆ 5.15ಕ್ಕೆ ಮುರಿಗೆಪ್ಪ ಅವರಿಂದ ಫೋನ್ ಬಂದಿತು. ಮರುದಿನ ಬೆಳಿಗ್ಗೆ ಬೆಂಗಳೂರಿಗೆ ಬರುತ್ತೇನೆ, ಹೆಂಡತಿಯ ಪ್ರಾಣ ಹೋದ ಜಾಗದಲ್ಲಿ ಒಂದು ಕಾಯಿ ಒಡೆದು ಊದಿನಕಡ್ಡಿ ಹಚ್ಚಬೇಕೆಂದು ಮನೆಯ ಹಿರಿಯರು ಹೇಳಿದ್ದಾರೆ, ಚಿಕ್ಕಜಾಲದಲ್ಲಿ ಆ ಜಾಗ ತೋರಿಸುತ್ತೀರಾ ಎಂದು ಕೇಳಿದರು. ನಾನು ಬರುತ್ತೇನೆ ಎಂದೆನು.

ಭಾನುವಾರ ಬೆಳಿಗ್ಗೆ 8.10ಕ್ಕೆ ಅವರು ಹೆಬ್ಬಾಳದ ಮೇಲ್ಸೇತುವೆ ಕೆಳಗಿನ ಸ್ಟಾಪ್‌ನಲ್ಲಿ ಕಾಯುತ್ತಿದ್ದರು. ಒಬ್ಬರೇ ಬಂದಿದ್ದರು. ಅದೇ ಬಟ್ಟೆಯ ಚೀಲ ಇತ್ತು. ನಾವು ಸಿಟಿ ಬಸ್ ಹತ್ತಿ 8.55ಕ್ಕೆ ಚಿಕ್ಕಜಾಲದಲ್ಲಿ ಇಳಿದೆವು. ಬಸ್ಸಿನಲ್ಲಿ ಅವರು ತಾವೇ ಇಬ್ಬರಿಗೂ ಟಿಕೆಟ್ ಕೊಂಡು, ಕಂಡಕ್ಟರ್‌ಗೆ ಕೈಮುಗಿದರು. ಆತ ಯಾಕೆಂದು ತಿಳಿಯದೆ ಮುಂದೆ ಹೋದನು.

ಸರ್ವಿಸ್ ರಸ್ತೆಯ ಪಕ್ಕ ಎಳನೀರಿನ ಗಾಡಿಯಿಂದ ಸುಮಾರು ಇಪ್ಪತ್ತು ಅಡಿ ಮುಂದೆ ಒಂದು ಹೊಂಗೆ ಮರ ಇದೆ. ನಾನು ಅಲ್ಲಿ ನಿಂತೆನು. ನಿಂತದ್ದಕ್ಕೆ ಕಾರಣ ನೆರಳು ಇತ್ತು ಎಂಬುದಷ್ಟೇ. ಮುರಿಗೆಪ್ಪ ಅವರು ಇದೇ ಜಾಗ ಎಂದು ತಿಳಿದು, ಚಪ್ಪಲಿ ಬಿಟ್ಟು ಕುಳಿತು, ನೆಲದ ಮೇಲಿದ್ದ ಪ್ಲಾಸ್ಟಿಕ್ ಕಪ್‌ಗಳನ್ನೂ ಗಾಜಿನ ಚೂರುಗಳನ್ನೂ ಆಯ್ದು ಪಕ್ಕಕ್ಕೆ ಹಾಕಿದರು. ಬಾಟಲಿಯಿಂದ ನೀರು ಚಿಮುಕಿಸಿ, ಚೀಲದಿಂದ ಒಂದು ಕುಪ್ಪಸದ ಬಟ್ಟೆ, ಬಳೆ, ಕಾಯಿ, ಸೇವಂತಿಗೆ ಹೂವು ತೆಗೆದಿಟ್ಟರು. ಒಂದು ನೋಟ್‌ಬುಕ್ಕಿನ ಹಾಳೆಯೂ ಇತ್ತು. ದೊಡ್ಡ ಮಗಳು ತಾಯಿಗೆ ಬರೆದದ್ದು ಎಂದರು. ಅದನ್ನು ಹೂವಿನ ಕೆಳಗೆ ಇಟ್ಟು, ಗಾಳಿಗೆ ಹಾರದಂತೆ ಕಲ್ಲು ಹುಡುಕುತ್ತಾ ನನ್ನ ಕಡೆ ನೋಡಿ ಕೇಳಿದರು:

"ಇಲ್ಲೇ ಏನ್ರಿ, ಸಿಸ್ಟರ್? ಇನ್ನಷ್ಟ್ ಮುಂದೇನು?"

"ಇಲ್ಲಿ ಅಲ್ಲ ಅಣ್ಣ" ಎಂದು ನಾನು ಹೇಳಿದೆನು. "ಈ ಊರಲ್ಲೇ ಅಲ್ಲ."

ನಂತರ ನಾನು ರಸ್ತೆಯ ಪಕ್ಕದಲ್ಲಿ ಅವರ ಎದುರಿಗೆ ಕುಳಿತು, ಮೇಲೆ ಬರೆಸಿರುವುದನ್ನೆಲ್ಲ ಹೇಳಿದೆನು. ಸಮಯ ಸಹಿತ ಹೇಳಿದೆನು. ನಾಲ್ಕನೇ ಸಿಲಿಂಡರ್ ಬಿಟ್ಟು ಬಂದದ್ದನ್ನೂ, 55 ನಿಮಿಷ ಎಂದು ನಾನೇ ಬರೆದದ್ದನ್ನೂ ಹೇಳಿದೆನು. ಅವರು ನನ್ನನ್ನು ಹೊಡೆಯುತ್ತಾರೆ ಎಂದುಕೊಂಡಿದ್ದೆನು. ಹೊಡೆಯಲಿಲ್ಲ, ಬೈಯಲೂ ಇಲ್ಲ. ಎಳನೀರಿನವನು ಏನಾಯಿತೆಂದು ಹತ್ತಿರ ಬಂದು ನೋಡಿ ವಾಪಸ್ ಹೋದನು. ಮುರಿಗೆಪ್ಪ ಅವರು ಬಳೆ, ಬಟ್ಟೆ, ಕಾಯಿ ಎಲ್ಲವನ್ನೂ ಒಂದೊಂದಾಗಿ ಮತ್ತೆ ಚೀಲಕ್ಕೆ ಹಾಕಿಕೊಂಡರು. ಮಗಳ ಹಾಳೆಯನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ಹೂವಿಗೆ ಮಣ್ಣು ಹತ್ತಿದ್ದರಿಂದ ಅದನ್ನು ಅಲ್ಲೇ ಬಿಟ್ಟರು. ನಂತರ ಕೈ ಮೇಲೆತ್ತಿ, ಯಾವ ಕಡೆಯಿಂದ ಬಂದಿರಿ ಎಂದು ಕೇಳಿದರು. ನಾನು ಉತ್ತರದ ಕಡೆ ಆಕಾಶ ತೋರಿಸಿದೆನು. ಅಲ್ಲಿ ಒಂದು ವಿಮಾನ ಇಳಿಯುತ್ತಿತ್ತು. ಅದು ಕಾಣದಾಗುವ ತನಕ ಅವರು ನೋಡಿದರು. ಇದನ್ನು ಬರೆದುಕೊಡುತ್ತೀರಾ ಎಂದು ಕೇಳಿದರು. ಕೊಡುತ್ತೇನೆ ಎಂದೆನು.

ಭಾನುವಾರ ಸಂಜೆ ನನ್ನ ತಾಯಿಗೆ ಎಲ್ಲವನ್ನೂ ತಿಳಿಸಿದೆನು. ಅವರು ಅತ್ತರು. ಕೆಲಸ ಹೋಗುವುದಷ್ಟೇ ಅಲ್ಲ, ನಿನ್ನ ಮೇಲೂ ಕೇಸ್ ಆಗುತ್ತದೆ ಎಂದರು. ನಂತರ ಮುರಿಗೆಪ್ಪ ಅವರು ಎಲ್ಲಿ ಉಳಿದಿದ್ದಾರೆಂದು ಕೇಳಿ, ಊಟ ಕಟ್ಟಿಕೊಟ್ಟರು. ಅವರು ಯಶವಂತಪುರ ರೈಲು ನಿಲ್ದಾಣದ ಹತ್ತಿರದ ಲಾಡ್ಜ್‌ನಲ್ಲಿದ್ದರು. ನಾನು ಒಯ್ದು ಕೊಟ್ಟೆನು. ಅವರು ತೆಗೆದುಕೊಂಡರು.

ಹಳೆಯ ಫಾರಂನ ಕಾರ್ಬನ್ ಪ್ರತಿಯನ್ನು, ಹೊಸ ಫಾರಂ ಅನ್ನು ಮೊಬೈಲ್‌ನಲ್ಲಿ ತೆಗೆದ ಫೋಟೋವನ್ನು, ಬೇಗ ಬಂದು ಸಹಿ ಮಾಡಿ ಎಂದು ಅನಂತರಾಜು ಅವರು ದಿನಾಂಕ 10 ಮತ್ತು 11ರಂದು ಕಳುಹಿಸಿದ ಎರಡು ಧ್ವನಿ ಸಂದೇಶಗಳನ್ನು ಈ ಹೇಳಿಕೆಯ ಜೊತೆ ಹಾಜರುಪಡಿಸಿದ್ದೇನೆ. ವಿಮಾನ ಬದಲಾಗಿದೆ ಎಂದು ಗೊತ್ತಿದ್ದೂ ಸುಳ್ಳು ಸಮಯ ಹೇಳಿ, ಡಾಕ್ಟರ್ ಇಲ್ಲದೆ, ಸಾಲದಷ್ಟು ಆಮ್ಲಜನಕದೊಂದಿಗೆ ರೋಗಿಯನ್ನು ಹಾರಿಸಿ, ಸಾವಿನ ನಂತರ ದಾಖಲೆ ತಿದ್ದಲು ಯತ್ನಿಸಿದ ಅನಂತರಾಜು ಮತ್ತು ಸಂಸ್ಥೆಯ ಮೇಲೆ ಕಾನೂನು ಕ್ರಮ ಜರುಗಿಸಬೇಕೆಂದು ಕೋರುತ್ತೇನೆ. ಗೊತ್ತಿದ್ದೂ ಆ ಫಾರಂಗೆ ಸಹಿ ಮಾಡಿದವಳು ನಾನು. ನನ್ನನ್ನು ಸಾಕ್ಷಿ ಎಂದು ಮಾತ್ರ ಬರೆದುಕೊಳ್ಳಬೇಡಿ ಎಂದೂ ಕೋರುತ್ತೇನೆ.

ನನ್ನ ಕೋರಿಕೆಯಂತೆ ಈ ಹೇಳಿಕೆಯನ್ನು ನಾನು ಸಹಿ ಮಾಡುವ ಮುಂಚೆ, ಠಾಣೆಯ ಹೊರಗಿನ ಬೆಂಚಿನಲ್ಲಿ ಕುಳಿತಿದ್ದ ಮುರಿಗೆಪ್ಪ ಅವರನ್ನು ಒಳಗೆ ಕರೆಸಿ, ಅವರ ಎದುರಿನಲ್ಲಿ ಗಟ್ಟಿಯಾಗಿ ಓದಲಾಯಿತು. ಅವರು ನಿಂತುಕೊಂಡೇ ಕೇಳಿದರು. ಕುಳಿತುಕೊಳ್ಳಿ ಎಂದು ಎಎಸ್‌ಐ ಮೇಡಂ ಎರಡು ಸಲ ಹೇಳಿದರೂ ಕುಳಿತುಕೊಳ್ಳಲಿಲ್ಲ. ಓದಿ ಮುಗಿದ ಮೇಲೆ ಅವರು ನನ್ನನ್ನು ಒಂದೇ ಮಾತು ಕೇಳಿದರು:

"ಆಕಿಗಿ ಗೊತ್ತಾಗಿತ್ತೇನ್ರಿ?"

"ಗೊತ್ತಾಗಿತ್ತು ಅಣ್ಣ. ನನಗಿಂತ ಮೊದ್ಲು ಅವರಿಗೇ ಗೊತ್ತಾಯ್ತು" ಎಂದು ಹೇಳಿದೆನು.

ಇದನ್ನೂ ಹೇಳಿಕೆಯಲ್ಲಿ ಬರೆಯಬೇಕೆಂದು ಅವರು ಕೇಳಿಕೊಂಡಿದ್ದರಿಂದ ಬರೆಸಲಾಗಿದೆ.

ಮೇಲೆ ಬರೆದಿರುವುದು ನಾನು ಕಂಡದ್ದು, ಕೇಳಿದ್ದು ಮತ್ತು ಮಾಡಿದ್ದು. ಇದರಲ್ಲಿ ಬಿಟ್ಟದ್ದಾಗಲಿ ಸೇರಿಸಿದ್ದಾಗಲಿ ಇಲ್ಲ. ಓದಿಸಿ ಕೇಳಿ, ಸರಿಯಾಗಿದೆ ಎಂದು ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ಯಲಹಂಕ, ಬೆಂಗಳೂರು
ದಿನಾಂಕ: 14-07-2025, ಮಧ್ಯಾಹ್ನ 1.20 ಗಂಟೆ

(ಸಹಿ) ಸುಮೈರಾ

ನನ್ನ ಸಮಕ್ಷಮ,
(ಸಹಿ) ಎಎಸ್‌ಐ, ಯಲಹಂಕ ಪೊಲೀಸ್ ಠಾಣೆ